ಸತ್ತವನ ಖರೀದಿ

“ಮೊದಲು ಹೆಣ ತೋರ್ಸ್ರಿ. ಆಮೇಲೆ ಕಾರ್ಯದ ಮಾತಾಡ್ರಿ.”

ಹರಿಹರದ ಹಳೆ ಸೇತುವೆಯ ಕೆಳಗೆ, ಹೊಳೆ ದಂಡೆಯ ಮೇಲೆ, ಅಷ್ಟು ಜನರ ಎದುರಿಗೆ ವಾಣಿ ತನ್ನ ಮಾವನಿಗೆ ಹಾಗೆ ಅಂದುಬಿಟ್ಟಳು. ಸುತ್ತ ನಿಂತಿದ್ದ ಗಂಡಸರೆಲ್ಲ ನೀರು ನೋಡತೊಡಗಿದರು. ಸೊಸೆಯೊಬ್ಬಳು ಮಾವನಿಗೆ ಎದುರಾಡಿದರೆ ನಮ್ಮ ಕಡೆಯ ಗಂಡಸರಿಗೆ ಹೊಳೆ, ಆಕಾಶ, ಕಾಗೆ ಎಲ್ಲವೂ ಒಟ್ಟಿಗೇ ಕಾಣಿಸಲು ಶುರುವಾಗುತ್ತವೆ.

ಮಾವ ಕಲ್ಲೇಶಪ್ಪ ಸಾವ್ಕಾರರು ಮಡಿಚಿದ್ದ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ದಾವಣಗೆರೆಯ ಮಂಡಿಪೇಟೆಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಅವರದು. ದನಿ ಎತ್ತಿ ಮಾತಾಡಿ ಗೊತ್ತಿಲ್ಲದ ಮನುಷ್ಯ.

“ತೆಪ್ಪದೋರು ಹುಡುಕ್ಯಾರೆ, ಪೊಲೀಸ್ರು ಹುಡುಕ್ಯಾರೆ. ಹೊಳಿ ಕೊಡಲಿಲ್ಲ ಅಂದ್ರೆ ನಾವೇನು ಮಾಡಾಕಾಗ್ತೈತಮ್ಮ? ನಾಳೆ ಮನೆಯಾಗೆ ಶಿವಗಣಾರಾಧನೆ. ಸ್ವಾಮ್ಗಳಿಗೂ ಹೇಳಿ ಆತು.”

“ಹೇಳಿದೋರು ನೀವು. ನಾನು ಒಪ್ಪಿಲ್ಲ.”

ಬಿಟ್‌ಕಾಯಿನ್ ಬೆಲೆ ಒಂದೇ ದಿನದಲ್ಲಿ ದಬಕ್ಕನೆ ಕುಸಿದ ಸಂಜೆ, ಸಾವ್ಕಾರರ ಮಗ ಬಕ್ಕೇಶ್‌ನ ಚಪ್ಪಲಿ ಮತ್ತು ಕೊರಳ ಬೆಳ್ಳಿ ಕರಡಿಗೆ ಈ ಸೇತುವೆಯ ಮೇಲೆ ಸಿಕ್ಕಿದ್ದವು, ಅವನು ಸಿಕ್ಕಿರಲಿಲ್ಲ. ಕಾಯಿನ್‌ನಲ್ಲಿ ಕಳಕೊಂಡ, ಹೊಳೆಗೆ ಹಾರಿದ ಎಂದು ಊರು ಅವತ್ತೇ ತೀರ್ಪು ಕೊಟ್ಟು ಕೈ ತೊಳೆದುಕೊಂಡಿತ್ತು. ಒಪ್ಪದವಳು ಅವನ ಹೆಂಡತಿ ಒಬ್ಬಳೇ. ಅದಕ್ಕೇ ನನ್ನನ್ನು ಕರೆಸಿದ್ದಳು.

ನಾನು ನೇತ್ರಾವತಿ. ಇನ್ಶೂರೆನ್ಸ್ ಕಂಪನಿಗಳಿಗೆ ಸುಳ್ಳು ಸಾವು, ಸುಳ್ಳು ಬೆಂಕಿ ಪತ್ತೆ ಮಾಡಿಕೊಡುವ ನೌಕರಿ ಬಿಟ್ಟು ದಾವಣಗೆರೆಯ ಆನೆಕೊಂಡದಲ್ಲಿ ಸ್ವಂತ ಬೋರ್ಡು ಹಾಕಿಕೊಂಡವಳು. ಬೋರ್ಡಿನ ಮೇಲೆ ‘ಪತ್ತೇದಾರಿ’ ಎಂದು ಬರೆಸಿದಾಗ ಓಣಿಗೆ ಓಣಿಯೇ ನಕ್ಕಿತು. ನಗಲಿ, ಹಲ್ಲು ಅವರವು.

ಸಾವ್ಕಾರರು ಕಾರು ಹತ್ತಿ ಹೋದರು. ಜನ ಕರಗಿತು. ತೆಪ್ಪದ ಮಕ್ತುಮ್ ಸಾಬ್ ಹಗ್ಗ ಬಿಗಿದು ಮೇಲೆ ಬಂದು ವಾಣಿಯ ಮುಖ ನೋಡಲಾರದೆ, “ಇವತ್ತೂ ಇಲ್ಲಮ್ಮಾ,” ಎಂದು ನಡೆದ. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು.

“ಅಕ್ಕಾ, ಬೆಲೆ ಬಿತ್ತು ಅಂತ ಸಾಯೋರಲ್ಲ ನನ್ನ ಗಂಡ. ಬೆಲೆ ಬಿದ್ರೆ ಅವರಿಗೆ ಹಬ್ಬ.”

“ಹಬ್ಬ ಅಂದ್ರೆ?”

“ಸುಗ್ಗಿ ಟೈಮಿಗೆ ಮಾರ್ಕೆಟ್ಟಿಗೆ ಮೆಕ್ಕೆಜೋಳ ಬಂದು ಬೀಳ್ತೈತಲ್ಲ, ಬೆಲೆ ಇಳೀತೈತೆ. ಆಗ ನಮ್ಮ ಮಾವ ಕೊಂಡು ಗೋಡೌನಿಗೆ ಹಾಕ್ತಾರೆ. ಇವರು ಅದನ್ನೇ ಫೋನ್‌ನಾಗೆ ಮಾಡ್ತಿದ್ರು. ದುಡ್ಡು ಪಾಲು ಮಾಡಿ ಇಡೋದು. ಒಂದ್ಸಲ ಬಿದ್ರೆ ಒಂದು ಪಾಲಿಗೆ ಕೊಳ್ಳೋದು, ಮತ್ತೂ ಬಿದ್ರೆ ಮತ್ತೊಂದು ಪಾಲಿಗೆ. ಸಾಲ ತಂದು ಕೊಂಡೋರಲ್ಲ, ಹೆದ್ರಿ ಮಾರಿದೋರಲ್ಲ.”

“ಮತ್ತೆ ಏಳಲಿಲ್ಲ ಅಂದ್ರೆ?”

“ಏಳಲಿಲ್ಲ ಅಂದ್ರೆ ಹೋತು ಅಂತಿದ್ರು. ಹೋದ್ರೂ ಮನೆ ನಡಿಬೇಕು, ಅಷ್ಟೇ ಹಾಕೋದು. ಹೋದ ಸಲ ಬಿದ್ದಾಗ ಮನೆಮಂದಿಗೆಲ್ಲ ಬೆಣ್ಣೆ ದೋಸೆ ಕಟ್ಟಿಸ್ಕಂಡು ಬಂದ್ರು. ಫೋಟೋ ತೆಗೆದ ಮ್ಯಾಲೇ ತಿನ್ನಾಕೆ ಬಿಟ್ಟಿದ್ದು. ಬೆಲೆ ಏರಿದ ದಿನ ಮಖ ಸಪ್ಪಗೆ ಇರ್ತಿತ್ತು. ಇಂಥೋರು ಬಿತ್ತು ಅಂತ ಹೊಳೆ ಹಾರ್ತಾರಾ? ನೀವೇ ಹೇಳ್ರಿ.”

ಈ ಕಾಯಿನ್ ವ್ಯವಹಾರದ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಬಿದ್ದದ್ದು ಮತ್ತೆ ಏಳುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಮನುಷ್ಯನ ಚಾಳಿಯ ಮೇಲೆ ನನಗೆ ಬಲು ನಂಬಿಕೆ. ಬಿದ್ದಾಗೆಲ್ಲ ದೋಸೆ ತರುತ್ತಿದ್ದವನು ಈ ಸಲ ಮಾತ್ರ ಸಾಯುವುದೆಂದರೆ ನನಗೂ ಗಂಟಲಲ್ಲಿ ಇಳಿಯಲಿಲ್ಲ.

“ಕರಡಿಗೆ ತಂದಿದ್ದೀಯಾ?”

ವಾಣಿ ಸೆರಗಿನ ಗಂಟು ಬಿಚ್ಚಿದಳು. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿ ಅದು. ಶಿವದಾರ ಹಾಗೇ ಸುತ್ತಿಕೊಂಡಿತ್ತು.

“ಬಿಚ್ಚಿ ನೋಡಿದ್ದೀಯಾ?”

“ಅಯ್ಯೋ, ಇನ್ನೊಬ್ಬರ ಲಿಂಗ ಮುಟ್ಟಂಗಿಲ್ಲಕ್ಕಾ. ಪೊಲೀಸ್ರೂ ಬಿಚ್ಚಲಿಲ್ಲ. ನಮ್ಮ ಮಾವ ‘ಅದನ್ನ ಮುಟ್ಬ್ಯಾಡ್ರಿ’ ಅಂತ ತಾವೇ ಇಸ್ಕಂಡು ದೇವರ ಜಗಲಿ ಮ್ಯಾಲಿಟ್ರು. ಇವತ್ತು ಕದ್ದು ತಂದೀನಿ.”

“ನಿನ್ನ ಗಂಡಂದು. ಬಿಚ್ಚು.”

ವಾಣಿ ಕಣ್ಣು ಮುಚ್ಚಿ ಏನೋ ಗುಣುಗುಟ್ಟಿದಳು. ಮುಚ್ಚಳ ತಿರುಗಿಸಿದಳು.

ಒಳಗೆ ಏನೂ ಇರಲಿಲ್ಲ.

ಲಿಂಗ ಕಟ್ಟಿಕೊಂಡವರು ಸಾಯುವ ತನಕ ಅದನ್ನು ಬಿಡುವುದಿಲ್ಲ, ಸತ್ತ ಮೇಲೆ ಮಣ್ಣಿಗೂ ಅದು ಜೊತೆಗೇ ಹೋಗುತ್ತದೆ. ಬಕ್ಕೇಶ್ ನಿಜಕ್ಕೂ ಸಾಯಲು ಬಂದಿದ್ದರೆ ಕರಡಿಗೆ ಅವನ ಕೊರಳಲ್ಲೇ ಇರುತ್ತಿತ್ತು. ಕಳ್ಳನ ಕೈಗೆ ಸಿಕ್ಕಿದ್ದರೆ ಬೆಳ್ಳಿ ಹೋಗುತ್ತಿತ್ತು. ಏನೂ ತಿಳಿಯದವನು ಇಟ್ಟಿದ್ದರೆ ಲಿಂಗ ಒಳಗೇ ಇರುತ್ತಿತ್ತು.

ಇಲ್ಲಿ ಬೆಳ್ಳಿ ಇದೆ, ಲಿಂಗ ಇಲ್ಲ. ಸತ್ತನೆಂದು ಊರಿಗೆ ತೋರಿಸಲು ಕರಡಿಗೆ ಬೇಕಾಗಿತ್ತು; ಬೀದಿಯಲ್ಲಿ, ಚಪ್ಪಲಿಯ ಪಕ್ಕ ಲಿಂಗ ಇಡಲು ಮಾತ್ರ ಕೈ ಬರಲಿಲ್ಲ. ಭಕ್ತಿಯಿದ್ದವನೇ ಮಾಡುವ ತಪ್ಪು ಇದು. ಬೇರೆ ಯಾರೂ ಇದನ್ನು ಮಾಡಲಾರರು.

“ನೋಡಿದ್ರಾ ಅಕ್ಕಾ?” ವಾಣಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತಳು. “ಅವರು ಅದಾರೆ. ಯಾರು ಏನೇ ಅನ್ಲಿ, ಅದಾರೆ.”

ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ನನಗೆ ಆ ಹುಡುಗಿಯ ಮೇಲೆ ಅಭಿಮಾನ ಉಕ್ಕಿ ಬಂತು.

ಅಲ್ಲಿಂದ ನೇರ ಗುತ್ತೂರಿಗೆ ಸ್ಕೂಟರ್ ಓಡಿಸಿದೆ. ಬಕ್ಕೇಶ್‌ನ ಜೊತೆಗೂಡಿ ಕಾಯಿನ್ ಕೊಳ್ಳುತ್ತಿದ್ದ ಗೆಳೆಯ ರಮೇಶ ಅಲ್ಲಿ ಲೇತ್ ಮಷಿನ್ನಿನ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾನೆ. ಹಿಂದಿನ ಸೀಟಿನಲ್ಲಿ ವಾಣಿಯನ್ನು ಕಂಡದ್ದೇ ಮಷಿನ್ ಆಫ್ ಮಾಡಿದ.

“ಬರ್ರಿ ಅತ್ತಿಗಿ. ಕೂಡ್ರಿ. ನಾನೇ ಬರಬೇಕಂತಿದ್ದೆ, ಕೆಲಸ...”

“ಕೆಲಸ ಆಮೇಲೆ ಮಾಡ್ಕೊಳ್ಳಪ್ಪ,” ಅಂದೆ. “ಬೆಲೆ ಬಿದ್ದ ದಿನ ನಿನ್ನ ಗೆಳೆಯ ಕೊಂಡನೋ, ಇಲ್ಲವೋ?”

“ಇಲ್ಲ ಮೇಡಂ. ಅದೇ ನನಗೂ ಸೋಜಿಗ. ಅಷ್ಟು ಕೆಳಗೆ ಬಿದ್ದೈತೆ, ನಾವೆಲ್ಲ ಕೊಂಡ್ವಿ. ಫೋನ್ ಮಾಡಿದ್ರೆ ‘ಇವತ್ತು ಬ್ಯಾಡ’ ಅಂದ. ದನಿಯಾಗೆ ಉಸಿರೇ ಇರ್ಲಿಲ್ಲ.”

“ಆಮೇಲೆ?”

“ಆಮೇಲೆ ಏನೈತೆ? ಚಪ್ಪಲಿ ಸಿಕ್ವು.”

ಹೇಳುತ್ತ ಹೇಳುತ್ತ ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡ. ಸುಳ್ಳು ಹೇಳುವವರ ಕೈ ಬಚ್ಚಿಟ್ಟ ಕಡೆಗೇ ಹೋಗುತ್ತದೆ. ನಾನು ಕೈ ಚಾಚಿದೆ. ಅವನು ಅಲ್ಲಾಡಲಿಲ್ಲ. ವಾಣಿ ಅವನ ಎದುರಿಗೆ ಹೋಗಿ ನಿಂತಳು.

“ರಮೇಶಣ್ಣ, ನಾಳೆ ನನ್ನ ವಿಧವೆ ಮಾಡ್ತಾರೆ. ನಿಮಗೆ ಗೊತ್ತಿದ್ದೂ ಸುಮ್ನಿದ್ರೆ ಆ ಪಾಪ ನಿಮ್ದೇ.”

ರಮೇಶ ಕೈ ಒರೆಸಿಕೊಂಡು ಫೋನ್ ತೆಗೆದ. “ಹೆದ್ರಿಕಿ ಆಗಿ ಯಾರಿಗೂ ಹೇಳಲಿಲ್ಲ ಅತ್ತಿಗಿ. ಸತ್ತೋನ ನಂಬರಿಂದ ಬಂದಿದ್ದು.”

ಕಾಯಿನ್ ಕೊಳ್ಳುವ ಇವರದೊಂದು ವಾಟ್ಸಾಪ್ ಗುಂಪು. ಅದರಲ್ಲಿ ಒಂದು ರೂಢಿ: ಬೆಲೆ ಬಿದ್ದಾಗ ಯಾರು ಕೊಂಡರೂ ಬೆಲೆ ಬರೆದು, ಆ ಖುಷಿಗೆ ತಾವು ತಿನ್ನುತ್ತಿರುವುದರ ಫೋಟೋ ಹಾಕಬೇಕು. ರಮೇಶ ತೋರಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಒಂದು ಸ್ಟೀಲ್ ತಟ್ಟೆ, ಅದರ ತುಂಬ ಈರುಳ್ಳಿ ಕಲಸಿದ ಮಂಡಕ್ಕಿ. ಕೆಳಗೆ ಒಂದು ಬೆಲೆ. ಅದರ ಮುಂದೆ ‘ಕೊಂಡೆ’. ಕಳಿಸಿದವನು ಬಕ್ಕೇಶ್. ಕಳಿಸಿದ್ದು ಚಪ್ಪಲಿ ಸಿಕ್ಕಿದ ಮಾರನೇ ದಿನ.

“ಹಳೇ ಫೋಟೋ ಇರಬಹುದಲ್ಲ?”

“ಬೆಲೆ ನೋಡ್ರಿ ಮೇಡಂ. ಮಾರನೇ ದಿನ ಮತ್ತೂ ಕೆಳಗೆ ಬಿತ್ತು. ಈ ಬೆಲೆ ಅವತ್ತು ಬಿಟ್ಟು ಈ ವರ್ಷ ಬ್ಯಾರೆ ದಿನ ಬಂದೇ ಇಲ್ಲ.”

“ಇಷ್ಟಕ್ಕೆ ಬಂದರೆ ತಾನಾಗೇ ಕೊಳ್ಳಲಿ ಅಂತ ಮೊದಲೇ ಆರ್ಡರ್ ಹಾಕಿಟ್ಟಿದ್ದರೆ?”

“ಆರ್ಡರ್ ತಾನಾಗೇ ಬೀಳ್ತೈತೆ. ಮಂಡಕ್ಕಿ ತಾನಾಗೇ ಕಲಸ್ಕಣಲ್ಲ.”

ಆ ಮಾತಿಗೆ ನಗು ಬಂತು, ತಡೆದುಕೊಂಡೆ. ರಮೇಶ ಹೇಳಿದ ಪ್ರಕಾರ ಫೋಟೋ ಬಂದ ಸ್ವಲ್ಪ ಹೊತ್ತಿಗೇ ಡಿಲೀಟ್ ಆಗಿತ್ತು. ಅಷ್ಟರಲ್ಲಿ ಯಾರು ಯಾರು ನೋಡಿದರೋ ಅವನಿಗೆ ಗೊತ್ತಿರಲಿಲ್ಲ. ಗುಂಪಿನಲ್ಲಿ ಗೆಳೆಯರಿದ್ದರು, ಮಂಡಿಪೇಟೆಯ ವ್ಯಾಪಾರಸ್ಥರಿದ್ದರು, ಬಕ್ಕೇಶ್‌ನ ನೆಂಟರೂ ಇದ್ದರು.

ವಾಣಿ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ತಟ್ಟೆಯ ಹಿಂದೆ ಕಿಟಕಿ, ಕಿಟಕಿಯಾಚೆ ಒಡೆದ ಸಿಮೆಂಟ್ ತೊಟ್ಟಿ.

“ಇದು ಸಾರಥಿ ಊರಾಗಿನ ನಮ್ಮ ಹೊಲದ ಮನೆ,” ಅಂದಳು. “ಈ ತೊಟ್ಟಿ ನನಗೆ ಗೊತ್ತು ಅಕ್ಕಾ. ನಡೀರಿ.”

ಸಾರಥಿ ಮುಟ್ಟುವ ತನಕ ಅವಳು ನನ್ನ ಭುಜ ಬಿಡಲಿಲ್ಲ. ಹೊಲದ ಮನೆಯ ಬಾಗಿಲು ತೆರೆದೇ ಇತ್ತು. “ರೀ,” ಎಂದು ಕೂಗಿಕೊಂಡೇ ಒಳಗೆ ಓಡಿದಳು. ಒಳಗೆ ಕಂಬಳಿ ಇತ್ತು, ನೀರಿನ ಕೊಡ ಉರುಳಿತ್ತು, ತಟ್ಟೆ ಮಗುಚಿ ಬಿದ್ದು ಮಂಡಕ್ಕಿಗೆ ಇರುವೆ ಮುತ್ತಿದ್ದವು. ಮೂಲೆಯಲ್ಲಿ ಹೊಸ ಹವಾಯಿ ಚಪ್ಪಲಿ ಜೋಡಿ. ಬರಿಗಾಲಲ್ಲಿ ತಾನಾಗಿ ಹೊರಟು ಹೋಗಲು ಅವನೇನು ಸನ್ಯಾಸಿಯೇ? ಎಳೆದುಕೊಂಡು ಹೋಗಿದ್ದಾರೆ.

ವಾಣಿ ಆ ಚಪ್ಪಲಿಯ ಪಕ್ಕ ಕುಸಿದು ಕೂತಳು. ಅತ್ತೇಬಿಡುತ್ತಾಳೆ ಅಂದುಕೊಂಡೆ. ಅವಳು ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ.

“ಈ ಮನೆ ಬೀಗದ ಕೈ ಯಾರ ಹತ್ರ ಇರ್ತೈತೆ ಗೊತ್ತಾ ಅಕ್ಕಾ?”

ಗೊತ್ತಿತ್ತು. ಅವಳಿಗೂ ಗೊತ್ತಿತ್ತು, ಸಾವ್ಕಾರರ ಹತ್ತಿರ ಎಂದು.

ದಾವಣಗೆರೆಗೆ ಬಂದು ಮಂಡಿಪೇಟೆಯ ಸಾವ್ಕಾರರ ಮನೆ ಮುಟ್ಟಿದಾಗ ಸಂಜೆ. ಪಡಸಾಲೆ ತುಂಬ ನೆಂಟರು. ಒಂದು ಕಡೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು, ಇನ್ನೊಂದು ಕಡೆ ಗೋಧಿ ಹಸನು ಮಾಡುತ್ತಿದ್ದರು. ಬದುಕಿರುವವನ ತಿಥಿಗೆ ಎಷ್ಟು ಉತ್ಸಾಹ ನೋಡಿ ಎಂದು ನನಗೆ ಮೈ ಉರಿಯಿತು. ಯಾರ ಮಾತಿಗೂ ನಿಲ್ಲದೆ ನೇರ ಸಾವ್ಕಾರರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆವು. ಹಳೇ ಬಾಗಿಲು, ಸರಿಯಾಗಿ ಮುಚ್ಚಲಿಲ್ಲ.

ಕಲ್ಲೇಶಪ್ಪನವರು ಮಂಚದ ಮೇಲೆ ಕೂತಿದ್ದರು. ನಾನು ಕರಡಿಗೆಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ.

“ಸಾವ್ಕಾರ್ರೆ, ಇದರೊಳಗಿದ್ದದ್ದು ಎಲ್ಲಿ?”

ಅವರು ಬಗ್ಗಿ ನೋಡಲಿಲ್ಲ. ಒಳಗೇನೂ ಇಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು.

“ಮನೆತನದ ವಿಷ್ಯ. ಹೊರಗಿನೋರಿಗ್ಯಾಕ?”

“ನಿಮ್ಮ ಸೊಸೆ ಹೊರಗಿನವಳಾ? ಅವಳಿಗೆ ಹೇಳಿ.”

“ಮಾವಾರೆ,” ವಾಣಿ ಅಂದಳು, “ನಾವು ಸಾರಥಿಗೆ ಹೋಗಿ ಬಂದ್ವಿ.”

ಮುದುಕರ ಬೆನ್ನು ಬಾಗಿತು. ಎದೆಯ ಮೇಲಿನ ತಮ್ಮದೇ ಕರಡಿಗೆಯನ್ನು ಹಿಡಿದುಕೊಂಡು ಮಾತಾಡಿದರು.

“ಚಪ್ಪಲಿ ಪಕ್ಕ ಲಿಂಗ ಇಡಾಕೆ ಮನಸು ಬರ್ಲಿಲ್ಲಮ್ಮ. ಬಟ್ಟಿಯಾಗೆ ಸುತ್ತಿ ಅವನ ಕೊರಳಿಗೇ ಕಟ್ಟಿದೆ. ಕರಡಿಗೆ ಮಾತ್ರ ನಾನೇ ತಗಂಡ್ಹೋಗಿ ಇಟ್ಟೆ.”

“ಯಾಕ?”

“ಯಾರೋ ಅವನ ಬೆನ್ನು ಬಿದ್ದಿದ್ರು. ಅವನ ಕಾಯಿನ್ ತಗಿಯಾಕೆ ಹನ್ನೆರಡು ಗುಟ್ಟಿನ ಪದ ಬೇಕಂತೆ, ಅವು ಅವನ ತಲೆಯಾಗೇ ಅದಾವೆ. ಹೇಳು, ಇಲ್ಲಾಂದ್ರೆ ನಿನ್ನ ಹೆಂಡ್ತಿ ಇರಲ್ಲ ಅಂತ ಫೋನ್ ಮಾಡಿದ್ರು. ನೀನು ತರಕಾರಿ ತರಾಕೆ ಹೋದಾಗ ಹಿಂದಿಂದ ಫೋಟೋ ತೆಗೆದು ಕಳ್ಸಿದ್ರು. ಸತ್ತೋನ್ನ ಯಾರು ಕೇಳ್ತಾರೆ? ಬೆಲೆ ಬಿದ್ದಿತ್ತು, ಊರು ನಂಬ್ತೈತೆ ಅಂತ ನಾವಿಬ್ರೂ ಸೇರಿ...”

“ನನಗೆ ಒಂದು ಮಾತು ಹೇಳಲಿಲ್ಲ.”

“ನೀನು ಅತ್ರೆ ಊರು ನಂಬ್ತಿತ್ತು.” ಸಾವ್ಕಾರರು ಸೊಸೆಯನ್ನು ಮೊದಲ ಸಲ ನೇರ ನೋಡಿದರು. “ನೀನು ಅಳಲೇ ಇಲ್ಲ.”

ವಾಣಿ ಕರಡಿಗೆಯ ಮುಚ್ಚಳ ಹಾಕಿ ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು. ಈಗಲೂ ಅಳಲಿಲ್ಲ.

ಫೋನ್ ಆನ್ ಮಾಡಬೇಡ ಎಂದು ಅಪ್ಪ ಆಣೆ ಹಾಕಿದ್ದರಂತೆ. ಮಗ ಒಂದು ದಿನ ತಡೆದ. ಮಾರನೇ ದಿನ ಬೆಲೆ ಇನ್ನೂ ಬಿತ್ತು. ಬಿದ್ದಾಗ ಕೊಳ್ಳದೆ ಇರಲು ಆ ಪುಣ್ಯಾತ್ಮನಿಂದ ಆಗಲಿಲ್ಲ. ಕೊಂಡ, ಕೊಂಡ ಅಭ್ಯಾಸಕ್ಕೆ ಫೋಟೋ ಹಾಕಿದ, ಹಾಕಿದ ಮೇಲೆ ತಾನು ಸತ್ತಿದ್ದೇನೆಂದು ನೆನಪಾಗಿ ಅಳಿಸಿದ. ಸಾಯುವುದು ಎಲ್ಲರಿಗೂ ಒಗ್ಗುವ ಕಸುಬಲ್ಲ. ನೋಡಬಾರದವರು ಯಾರೋ ಅಷ್ಟರಲ್ಲಿ ನೋಡಿಯಾಗಿತ್ತು.

“ನಿನ್ನೆ ಬುತ್ತಿ ತಗಂಡ್ಹೋದೆ, ಅವನಿಲ್ಲ,” ಅಂದರು ಸಾವ್ಕಾರರು. “ಬರೋ ದಾರಿಯಾಗೆ ಅವನ ನಂಬರಿಂದಲೇ ಫೋನ್ ಬಂತು. ದನಿ ಬ್ಯಾರೆ. ಕಾರ್ಯ ಮಾಡಿ ಮುಗಿಸು, ಸೊಸಿ ಮುಂದೆ ಕೂತು ಮಾಡಬೇಕು, ಆಮೇಲೆ ಮಗನ್ನ ಬಿಡ್ತೀವಿ. ಕಾರ್ಯ ನಿಂತ್ರೆ ಅವನ ಹೆಣ ನಿಜವಾಗ್ಲೂ ಹೊಳೆಯಾಗೆ ತೇಲ್ತೈತೆ ಅಂದ.”

“ನೀವು ನಂಬಿದಿರಾ?” ನನಗೆ ಸಿಟ್ಟು ತಡೆಯಲಾಗಲಿಲ್ಲ. “ಊರೆಲ್ಲ ಉಂಡು ಕೈ ತೊಳೆದ ಮೇಲೆ ಅವನನ್ನು ಕೊಂದರೆ ಯಾರು ಕೇಳ್ತಾರೆ ಸಾವ್ಕಾರ್ರೆ? ಸತ್ತವನನ್ನು ಕೊಂದರೆ ಅದು ಯಾವ ಕೇಸು? ನಾಳೆ ನೀವು ಮಾಡ್ತಿರೋದು ಕಾರ್ಯ ಅಲ್ಲ, ಅವರಿಗೆ ಪರವಾನಗಿ.”

“ಮಾಡಲಿಲ್ಲ ಅಂದ್ರೂ ಕೊಲ್ತಾರಲ್ಲವ್ವಾ!”

ಮಾಡಿದರೂ ಸಾವು, ಬಿಟ್ಟರೂ ಸಾವು. ಪೊಲೀಸರಿಗೆ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ವಾಣಿ ಮಾತಾಡಿದಳು.

“ಕಾರ್ಯ ನಡೀಲಿ.”

ಇಬ್ಬರೂ ಅವಳ ಕಡೆ ತಿರುಗಿದೆವು.

“ನಾನೇ ಮುಂದೆ ಕೂಡ್ತೀನಿ. ಏನೇನು ಮಾಡ್ಸ್ಬೇಕೋ ಮಾಡ್ಸ್ರಿ. ನಡೀತೋ ಇಲ್ಲೋ ಅಂತ ನೋಡಾಕೆ ಆ ಕಳ್ಳ ಬರಬೇಕಲ್ಲ? ಇಲ್ಲಾ ಯಾರನ್ನಾರ ಕಳಿಸ್ಬೇಕಲ್ಲ? ಬರ್ಲಿ. ನಾಳೆ ಈ ಮನೆಯಾಗೆ ಬಡಿಸೋಳು ನಾನು. ಒಬ್ಬೊಬ್ಬರ ಮಖ ನೋಡಿ ಬಡಿಸ್ತೀನಿ. ನನ್ನ ಗಂಡ ಬದುಕ್ಯಾರೆ ಅಂತ ತಿಳಿದೂ ಅವರ ತಿಥಿ ಊಟ ಉಣ್ಣೋನ ಗಂಟಲು ಹೆಂಗಿರ್ತೈತೆ ನೋಡಾನ.”

ಇಷ್ಟು ದಿನ ಊರಿಗೆ ಊರನ್ನೇ ಎದುರು ಹಾಕಿಕೊಂಡು ಬೇಡ ಎಂದವಳು, ಈಗ ಅದೇ ಹಟದಿಂದ ಆಗಲಿ ಎನ್ನುತ್ತಿದ್ದಳು.

ಸಾವ್ಕಾರರ ಫೋನ್ ರಿಂಗಾಯಿತು. ಪರದೆಯ ಮೇಲೆ ‘ಬಕ್ಕೇಶ್’. ನಾನು ಸ್ಪೀಕರ್ ಒತ್ತಿದೆ. ಬಟ್ಟೆ ಅಡ್ಡ ಹಿಡಿದು ಪಿಸುಗುಟ್ಟಿದಂಥ ದನಿ.

“ಸೊಸಿ ಒಪ್ಪಿದ್ಲಲ್ಲ ಸಾವ್ಕಾರ. ಭೇಷ್. ಹಂಗೇ ನಡೀಲಿ.”

ಕೋಣೆಯಲ್ಲಿ ಇದ್ದವರು ಮೂವರು. ಅವಳು ಒಪ್ಪಿ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. ಸರಿಯಾಗಿ ಮುಚ್ಚದ ಬಾಗಿಲಾಚೆ ಈ ಮನೆಯೊಳಗೇ ಯಾರದೋ ಕಿವಿ ಇತ್ತು.

ವಾಣಿ ಫೋನ್ ಕಿತ್ತುಕೊಂಡಳು. “ಒಪ್ಪೀನಿ. ನೀನೂ ಬಾರಪ್ಪ, ಉಂಡು ಹೋಗುವಿಯಂತೆ,” ಎಂದು ಕಟ್ ಮಾಡಿದಳು.

ಆಮೇಲೆ ಅವಳು ಪಡಸಾಲೆಗೆ ಹೋದಳು. ಮುಂಬಾಗಿಲ ಅಗಳಿ ಹಾಕಿದಳು, ಹಿತ್ತಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಗೋಧಿ ಹಸನು ಮಾಡುತ್ತಿದ್ದ ಮೊರವನ್ನು ಬರಿದು ಮಾಡಿ ನಡುಮನೆಯಲ್ಲಿಟ್ಟಳು.

“ಎಲ್ಲಾರೂ ಫೋನು ಇದರಾಗೆ ಹಾಕ್ರಿ. ಕಾರ್ಯ ಮುಗಿಯೋತನ ಯಾರೂ ಹೊಸ್ತಿಲು ದಾಟಂಗಿಲ್ಲ.”

“ಇದೇನು ಹುಚ್ಚು ಹುಡುಗಿ!” ಎಂದಳು ಒಬ್ಬ ಮುದುಕಿ. ವಾಣಿಯ ಮುಖ ನೋಡಿ ಸುಮ್ಮನಾಗಿ ತನ್ನ ಫೋನನ್ನೇ ಮೊದಲು ಹಾಕಿದಳು. ಒಂದೊಂದಾಗಿ ಮೊರ ತುಂಬಿತು.

ನಾನು ಸಾವ್ಕಾರರ ಫೋನಿನಿಂದ ಅದೇ ನಂಬರಿಗೆ ಕರೆ ಮಾಡಿದೆ. ಮೊರದಲ್ಲಿ ಒಂದೂ ಮಿಸುಕಲಿಲ್ಲ.

ರಿಂಗಾದದ್ದು ನಮ್ಮ ತಲೆಯ ಮೇಲೆ. ಮಾಳಿಗೆಯ ಕೋಣೆಯಲ್ಲಿ.

ವಾಣಿ ಸೆರಗು ಬಿಗಿದು ಮೆಟ್ಟಿಲ ಕಡೆ ನುಗ್ಗಿದಳು. ಅವಳಿಗಿಂತ ಮೊದಲು ಅಲ್ಲಿಗೆ ಮುಟ್ಟಿದವರು ಕಲ್ಲೇಶಪ್ಪನವರು. ಎಲ್ಲಾ ಹೇಳಿ ಮುಗಿಸಿದರೆಂದು ನಾನು ನಂಬಿದ್ದ ಮುದುಕರು ಎರಡೂ ಕೈ ಚಾಚಿ ಮೆಟ್ಟಿಲಿಗೆ ಅಡ್ಡ ನಿಂತಿದ್ದರು. ಮೇಲಿರುವುದು ಯಾರೆಂದು ಅವರಿಗೆ ಗೊತ್ತಿತ್ತು.

“ಬ್ಯಾಡಮ್ಮ. ಮ್ಯಾಲೆ ಹೋಗಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ.”

ಮೇಲೆ ಫೋನ್ ಇನ್ನೂ ಹೊಡೆದುಕೊಳ್ಳುತ್ತಿತ್ತು. ಯಾರೋ ಅದನ್ನು ಆಫ್ ಮಾಡಿದರು.

“ದಾರಿ ಬಿಡ್ರಿ ಮಾವಾರೆ,” ಅಂದಳು ವಾಣಿ.